ತೋಟದಲ್ಲಿ ದುಡಿಯುವವರಿಗೂ ವ್ಯಾಯಾಮ ಬೇಕಾ?

"ಬೆಳಿಗ್ಗೆ ಎದ್ದಾಗಿಂದ ರಾತ್ರಿ ಮಲಗೋ ತನಕ ಕೆಲಸವೇ ಮಾರಾಯ್ರೆ. ಮತ್ತೆ ವ್ಯಾಯಾಮ ಎಂತಕ್ಕೆ?"

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಫಿಸಿಯೋಥೆರಪಿ ಕೋಣೆಗಳಲ್ಲಿ ಈ ಪ್ರಶ್ನೆ ಹಳೆಯದು. ಘಟ್ಟ ಇಳಿದು ಕುಮಟಾ, ಅಂಕೋಲಾ, ಕಾರವಾರಕ್ಕೆ ಬಂದರೂ ಇದೇ ಮಾತು. ತೋಟದ ಬದಲು ದೋಣಿ, ಬಲೆ, ಮೀನಿನ ಬುಟ್ಟಿ ಅಂತಾರೆ, ಅಷ್ಟೇ. ಕೇಳುವವರದ್ದು ತಪ್ಪಲ್ಲ. ವ್ಯಾಯಾಮ ಅಂದರೆ ಪೇಟೆಯಲ್ಲಿ ಕುರ್ಚಿ ಬಿಟ್ಟೇಳದವರಿಗೆ ಅಂತ ನಾವೇ ಹೇಳಿಕೊಂಡು ಬಂದಿದ್ದೇವೆ.

ಕೆಲಸದಲ್ಲೂ ಬೆವರು ಬರುತ್ತದೆ, ವ್ಯಾಯಾಮದಲ್ಲೂ ಬರುತ್ತದೆ. ಆದರೆ ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾದರೆ ನಿಮ್ಮ ಮಂಡಿ ತಯಾರಿದೆಯೋ ಇಲ್ಲವೋ ಅಂತ ತೋಟ ಕೇಳುವುದಿಲ್ಲ. ವ್ಯಾಯಾಮ ಶುರುವಾಗುವುದೇ ಆ ಪ್ರಶ್ನೆಯಿಂದ. ಎಷ್ಟು ಭಾರ, ಎಷ್ಟು ಸಲ, ಯಾವ ಸ್ನಾಯುವಿಗೆ, ಆಮೇಲೆ ಎಷ್ಟು ಹೊತ್ತು ಬಿಡುವು? ಫಿಸಿಯೋಥೆರಪಿಯ ಮುಖ್ಯ ಔಷಧಿ ಅಳೆದು ಕೊಡುವ ಭಾರವೇ.

ಅಡಿಕೆ ಸುಲಿಯುವವರನ್ನು ಒಂದು ಸಂಜೆ ಹತ್ತಿರ ಕೂತು ನೋಡಿ. ಮೆಟ್ಟುಗತ್ತಿಯ ಮಣೆ ಮೇಲೆ ಕೂತು, ಕಾಲು ಮಡಚಿ, ಬೆನ್ನು ಬಗ್ಗಿಸಿರುತ್ತಾರೆ. ಕತ್ತಿಗೆ ಅಡಿಕೆ ಒತ್ತಬೇಕು, ತಿರುಗಿಸಬೇಕು, ಸಿಪ್ಪೆ ಬಿಡಿಸಬೇಕು. ಹೆಬ್ಬೆರಳಿನ ಬುಡಕ್ಕೂ ಮಣಿಕಟ್ಟಿಗೂ ಮತ್ತೆ ಮತ್ತೆ ಅದೇ ಕೆಲಸ. ಸೊಂಟದ ಸ್ನಾಯು ಗಂಟೆಗಟ್ಟಲೆ ಬಿಗಿ ಹಿಡಿದುಕೊಂಡೇ ಇರುತ್ತದೆ. ಹಾಗೆ ಬಿಗಿದ ಸ್ನಾಯುವಿನೊಳಗೆ ರಕ್ತ ಸಲೀಸಾಗಿ ಓಡಾಡುವುದಿಲ್ಲ, ದಣಿವು ಬೇಗ ಬರುತ್ತದೆ. ಅದೇ ಹೊತ್ತಿಗೆ ದೇಹದ ಅತಿ ದೊಡ್ಡ ಸ್ನಾಯುಗಳಾದ ಪೃಷ್ಠ, ತೊಡೆ ಸುಮ್ನೆ ಕೂತಿರುತ್ತವೆ. ರಾತ್ರಿ ಎದ್ದು ನಿಂತಾಗ ಮೈಯೆಲ್ಲ ದಣಿದ ಹಾಗೆ ಅನಿಸುತ್ತದೆ. ನಿಜವಾಗಿ ದಣಿದಿದ್ದು ಮೈಯ ಕೆಲವೇ ಭಾಗ.

ಇನ್ನು ಮಂಡಿ. ನಮ್ಮ ಕಡೆಯ ತೋಟಗಳು ಕಣಿವೆಯಲ್ಲಿ, ಮನೆ ಎತ್ತರದಲ್ಲಿ. "ಹತ್ತುವಾಗ ಹೇಗೋ ಹತ್ತುತ್ತೇನೆ, ಇಳಿಯುವಾಗ ಜೀವ ಹೋಗುತ್ತದೆ" ಅಂತ ಹೇಳುವವರು ಬಹಳ. ಇದು ಬರೀ ಅನಿಸಿಕೆಯಲ್ಲ. ಜರ್ಮನಿಯ ಬರ್ಲಿನ್‌ನಲ್ಲಿ ಸಂಶೋಧಕರು ಕೃತಕ ಮಂಡಿಯೊಳಗೇ ಅಳತೆಯ ಸಾಧನ ಕೂರಿಸಿ, ಅದನ್ನು ಹಾಕಿಸಿಕೊಂಡವರು ನಡೆಯುವಾಗ, ಮೆಟ್ಟಿಲು ಹತ್ತಿ ಇಳಿಯುವಾಗ ಬೀಳುವ ಭಾರ ಲೆಕ್ಕ ಹಾಕಿದರು. 2010ರಲ್ಲಿ ಅವರು ಪ್ರಕಟಿಸಿದ ಪ್ರಕಾರ ಸಮತಟ್ಟು ನೆಲದಲ್ಲಿ ನಡೆದರೆ ಮೈತೂಕದ ಸುಮಾರು 2.6 ಪಟ್ಟು, ಮೆಟ್ಟಿಲು ಹತ್ತಿದರೆ 3.2 ಪಟ್ಟು, ಇಳಿದರೆ ಸುಮಾರು 3.5 ಪಟ್ಟು ಭಾರ ಮಂಡಿಗೆ ಬೀಳುತ್ತದೆ. 60 ಕೆಜಿ ತೂಕದವರು ತೋಟಕ್ಕೆ ಇಳಿಯುವಾಗ ಒಂದೊಂದು ಹೆಜ್ಜೆಗೂ 200 ಕೆಜಿ ದಾಟುತ್ತದೆ ಅಂತಾಯಿತು.

ಇಳಿಯುವಾಗ ಈ ಭಾರವನ್ನು ತಡೆದು ನಿಧಾನಕ್ಕೆ ಕೆಳಗೆ ಬಿಡುವುದು ತೊಡೆಯ ಮುಂಭಾಗದ ಸ್ನಾಯು. ನೋವಿರುವ ಮಂಡಿಯ ಮೇಲ್ಭಾಗವನ್ನು, ಒಳಬದಿಗೆ, ಬೆರಳಲ್ಲಿ ಒತ್ತಿ ನೋಡಿ. ಆಮೇಲೆ ಇನ್ನೊಂದು ಕಾಲಿನಲ್ಲೂ ಅದೇ ಜಾಗ ಒತ್ತಿ. ನೋವಿನ ಕಡೆ ಮಾಂಸ ಮೆತ್ತಗಾಗಿ, ಕೆಲವರಿಗೆ ಸಣ್ಣ ಗುಳಿಯೇ ಬಿದ್ದಿರುತ್ತದೆ. ದಿನವಿಡೀ ನಡೆಯುವವರ ತೊಡೆ ಯಾಕೆ ಸೊರಗಬೇಕು? ಮಂಡಿಯ ಗಂಟು ಊದಿದಾಗ, ನೀರು ತುಂಬಿದಾಗ, ಅಲ್ಲಿಂದ ಹೋಗುವ ಸಂಕೇತ ಕೇಳಿ ಬೆನ್ನುಹುರಿ ಆ ಸ್ನಾಯುವಿಗೆ ಹೋಗುವ ಆಜ್ಞೆಯನ್ನೇ ತಗ್ಗಿಸುತ್ತದೆ. ಮನಸ್ಸು ಮಾಡಿದರೂ ಸ್ನಾಯು ಪೂರ್ತಿ ಬಿಗಿಯಾಗುವುದಿಲ್ಲ. ನೀವು ತೋಟ ಹತ್ತಿ ಇಳಿಯುತ್ತಲೇ ಇರುತ್ತೀರಿ, ತೊಡೆ ಮಾತ್ರ ತನ್ನ ಪಾಲಿನ ಕೆಲಸವನ್ನು ಗಂಟಿನ ಮೇಲೆ ಹಾಕುತ್ತಾ ಹೋಗುತ್ತದೆ. ಕೆಲಸ ಜಾಸ್ತಿ ಮಾಡಿದರೆ ಇದು ಸರಿಯಾಗುವುದಿಲ್ಲ. ಆ ಸ್ನಾಯುವನ್ನೇ ಹುಡುಕಿ ಅದಕ್ಕೆ ಕೆಲಸ ಕೊಡಬೇಕು. ಮೊದಲ ಪ್ರಶ್ನೆಗೆ ನನ್ನ ಉತ್ತರ ಇದೇ.

ಕೊಡುವುದು ಕಷ್ಟವಲ್ಲ. ಗಟ್ಟಿ ಕುರ್ಚಿ ಒಂದು ಸಾಕು. ಕೈ ಊರದೆ ಎದ್ದು ನಿಂತು, ಧೊಪ್ಪನೆ ಕೂರದೆ ನಿಧಾನಕ್ಕೆ ಕೂರಬೇಕು. ಆಗದಿದ್ದರೆ ಕುರ್ಚಿ ಮೇಲೆ ದಪ್ಪ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ. ಸುಲಭವಾದ ಮೇಲೆ ದಿಂಬು ತೆಗೆಯಿರಿ, ಆಮೇಲೆ ಕೈಯಲ್ಲಿ ಸ್ವಲ್ಪ ಭಾರ ಹಿಡಿಯಿರಿ. ಸ್ವಲ್ಪ ನೋವಾದರೆ ಪರವಾಗಿಲ್ಲ. ಮಾರನೇ ದಿನ ಬೆಳಿಗ್ಗೆಯೂ ಜಾಸ್ತಿ ಇದ್ದರೆ, ಗಂಟು ಊದಿದ್ದರೆ, ಅಳತೆ ಹೆಚ್ಚಾಯಿತು ಅಂತ ತಿಳಿದು ಕಡಿಮೆ ಮಾಡಿ. ಮೊದಲ ಕೆಲವು ವಾರ ಬರುವ ಶಕ್ತಿ ಹೆಚ್ಚಾಗಿ ನರಗಳ ಕಲಿಕೆಯಿಂದ. ಸ್ನಾಯು ದಪ್ಪವಾಗುವುದು ಆಮೇಲೆ. ಹಾಗಾಗಿ ಎರಡು ಮೂರು ತಿಂಗಳಿಗೆ ಮೊದಲೇ "ಪ್ರಯೋಜನ ಇಲ್ಲ" ಅಂತ ಕೈಬಿಡುವುದು ಅವಸರ.

"ಎಕ್ಸ್‌ರೇಯಲ್ಲಿ ಮಂಡಿ ಸವೆದಿದೆ ಅಂದಿದ್ದಾರೆ, ಇನ್ನೂ ಸವೆಸೋದಾ?" ಅಂತ ಹೆದರುವವರೂ ಇದ್ದಾರೆ. ಮೂಳೆಯ ತುದಿಯ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಭಾರ ಬಿದ್ದಾಗ ಒತ್ತಿಕೊಂಡು, ಬಿಟ್ಟಾಗ ಸ್ಪಂಜಿನ ಹಾಗೆ ಸುತ್ತಲ ದ್ರವ ಹೀರಿ ಅದು ಆಹಾರ ಪಡೆಯುತ್ತದೆ. ಅಲುಗಾಡಿಸದೆ ಇಟ್ಟರೆ ಅದಕ್ಕೆ ಉಪವಾಸ. ಮೈತೂಕದ ಲೆಕ್ಕವೂ ಇಲ್ಲೇ ಬರುತ್ತದೆ. ಮಂಡಿ ಸವೆತ ಇದ್ದ ದಪ್ಪ ಮೈಯ ಹಿರಿಯರನ್ನು ಅಧ್ಯಯನ ಮಾಡಿದಾಗ, 1 ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಭಾರ ಸುಮಾರು 4 ಕೆಜಿ ಇಳಿಯುತ್ತದೆ ಅಂತ ಕಂಡಿತು.

ಇಲ್ಲಿ ಕರೆಂಟಿನ ವಿಷಯ ಹೇಳಲೇಬೇಕು. "ಹತ್ತು ದಿನ ಕರೆಂಟ್ ಕೊಡಿಸಿಕೊಂಡು ಬಂದೆ" ಅನ್ನುವುದೇ ನಮ್ಮಲ್ಲಿ ಫಿಸಿಯೋಥೆರಪಿಯ ಅರ್ಥ ಆಗಿಹೋಗಿದೆ. ಯಂತ್ರ ಹಚ್ಚಿಕೊಂಡು ಮಲಗಿದರೆ ಹಿತ, ಒಪ್ಪೋಣ. ಆದರೆ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ನೈಸ್ 2022ರಲ್ಲಿ ಸಂದು ಸವೆತಕ್ಕೆ ಅಲ್ಟ್ರಾಸೌಂಡ್, ಟೆನ್ಸ್ (ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಡುವುದು) ಥರದ ಯಂತ್ರ ಚಿಕಿತ್ಸೆ ಬೇಡ, ಉಪಯೋಗಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂದಿತು. ವ್ಯಾಯಾಮ ಮಾತ್ರ ಎಲ್ಲರಿಗೂ ಕೊಡಿ ಅಂದಿತು. ಯಂತ್ರ ಹಚ್ಚಿ, ಒಂದೂ ವ್ಯಾಯಾಮ ಕಲಿಸದೆ ಕಳಿಸಿದರೆ ಅದು ಅರ್ಧ ಚಿಕಿತ್ಸೆಯೂ ಅಲ್ಲ ಅಂತ ನನ್ನ ಅಭಿಪ್ರಾಯ.

ಸೊಂಟ ನೋವಿನಲ್ಲಿ ಹೆದರಿಸುವುದು ಎಂಆರ್‌ಐ ವರದಿ. "ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ" ಅಂತ ಓದಿದ ಕೂಡಲೇ ಮನುಷ್ಯ ಮಂಚ ಹಿಡಿಯುತ್ತಾನೆ. ಆದರೆ ನೋವೇ ಇಲ್ಲದವರ ಬೆನ್ನಿನ ಚಿತ್ರ ತೆಗೆದ ಅಧ್ಯಯನಗಳನ್ನೆಲ್ಲ 2015ರಲ್ಲಿ ಒಟ್ಟು ಮಾಡಿ ನೋಡಿದಾಗ, 20 ವರ್ಷದವರಲ್ಲೇ ನೂರಕ್ಕೆ 30 ಮಂದಿಗೆ, 80 ವರ್ಷದವರಲ್ಲಿ 84 ಮಂದಿಗೆ ಡಿಸ್ಕ್ ಉಬ್ಬಿತ್ತು. ತಲೆಗೂದಲು ಬೆಳ್ಳಗಾದದ್ದನ್ನು ಯಾರೂ ರೋಗ ಅನ್ನುವುದಿಲ್ಲ, ಅಲ್ವಾ? ಮಲಗಿದರೆ ವಾಸಿಯಾಗುತ್ತದೆ ಅನ್ನುವುದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. 1986ರಲ್ಲಿ ಅಮೆರಿಕದಲ್ಲಿ ಸೊಂಟ ನೋವಿನ 203 ಜನರಲ್ಲಿ ಕೆಲವರಿಗೆ 2 ದಿನ, ಉಳಿದವರಿಗೆ 7 ದಿನ ಮಲಗಲು ಹೇಳಿದರು. 2 ದಿನದವರು ಕೆಲಸ ತಪ್ಪಿಸಿಕೊಂಡಿದ್ದು ಶೇಕಡಾ 45ರಷ್ಟು ಕಡಿಮೆ, ಉಳಿದದ್ದರಲ್ಲಿ ಎರಡೂ ಗುಂಪು ಸಮ. ವಯಸ್ಸಾದವರಿಗಂತೂ ಮಂಚ ಅಪಾಯಕಾರಿ. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಮಲಗಿಸಿದ ಪ್ರಯೋಗದಲ್ಲಿ ಕಾಲುಗಳಿಂದ ಸುಮಾರು 1 ಕೆಜಿ ಮಾಂಸಖಂಡ ಕರಗಿತ್ತು.

ಸೊಂಟ ನೋವಿನ ಜತೆ ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಕಾಲು ಸೋಲುತ್ತಾ ಬಂದರೆ ಮಾತ್ರ ವ್ಯಾಯಾಮ, ಮಾಲೀಸು ಎಲ್ಲ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಡಿಕೆ ಮರದಿಂದ ಬಿದ್ದವರನ್ನು ಕೈಕಾಲು ಹಿಡಿದೆತ್ತಿ ಜೀಪಿಗೆ ಹಾಕಬಾರದು. ಹಲಗೆ ತಂದು, ತಲೆ, ಬೆನ್ನು, ಸೊಂಟ ಒಂದೇ ಸಾಲಿನಲ್ಲಿ ಇರುವ ಹಾಗೆ ನಾಲ್ಕಾರು ಜನ ಸೇರಿ ಹೊರಳಿಸಿ ಮಲಗಿಸಬೇಕು.

ಭುಜ ಹಿಡಿದುಕೊಳ್ಳುವುದು ಸಕ್ಕರೆ ಕಾಯಿಲೆ ಇದ್ದವರಲ್ಲಿ ಜಾಸ್ತಿ. ತಲೆ ಬಾಚಲು ಆಗದು, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಮುಂಗೈಯನ್ನು ಹೊರಕ್ಕೆ ತಿರುಗಿಸಿ ನೋಡಿ. ಬೇರೆಯವರು ತಿರುಗಿಸಿದರೂ ಹೋಗದಿದ್ದರೆ ಭುಜದ ಸುತ್ತಲ ಚೀಲವೇ ಬಿಗಿದಿರುವ ಸಾಧ್ಯತೆ. ಇದು ಬಿಡಲು ಒಂದರಿಂದ ಮೂರು ವರ್ಷ ಹಿಡಿಯಬಹುದು. ನೋವು ಹೆಚ್ಚಿರುವ ಮೊದಲ ಹಂತದಲ್ಲಿ ಜಗ್ಗಿ ಎಳೆದರೆ ಕೆರಳುತ್ತದೆ ಅನ್ನುವುದನ್ನು ಮಾಲೀಸು ಮಾಡುವವರಿಗೆ ಹೇಳಿ. ದೋಣಿಯಲ್ಲಿ ದುಡಿಯುವವರ ಭುಜದ ಬಲಕ್ಕೆ ಒಳ್ಳೆಯ ಕಾಲ ಮೀನುಗಾರಿಕೆ ನಿಷೇಧದ ಜೂನ್ 1ರಿಂದ ಜುಲೈ 31. ಆ 61 ದಿನ ಬೈತಖೋಲ, ತದಡಿ ಬಂದರುಗಳಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ. ಬಲ ಬರಲು ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ ಕಾಲ.

ಲಕ್ವಾದ ವಿಷಯಕ್ಕೆ ಬರೋಣ. ಮುಖ ಓರೆಯಾದರೆ, ಮಾತು ತೊದಲಿದರೆ, ಒಂದು ಕೈ ಕೆಳಗೆ ಜಾರಿದರೆ ಗಡಿಯಾರ ನೋಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೆ ಮೊದಲು ಸ್ಕ್ಯಾನ್ ಆಗಬೇಕು. ಜೋಯಿಡಾದ ಕಾಡಿನ ಊರುಗಳಿಂದ ಹೊರಟವರಿಗೆ ಅರ್ಧ ಹೊತ್ತು ದಾರಿಯಲ್ಲೇ ಕಳೆಯುತ್ತದೆ. ಅಂಕೋಲಾದ ಬೆಳಂಬಾರದ ನಾಟಿ ಮದ್ದಿಗೆ ಲಕ್ವಾ ಹೊಡೆದವರು ದೂರದೂರಿಂದ ಬರುತ್ತಾರೆ. ಅದರ ಬಗ್ಗೆ ಇಲ್ಲಿ ವಾದ ಬೇಡ. ಮೊದಲ ಗಂಟೆಗಳಲ್ಲಿ ಮಾತ್ರ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಿಜವಾದ ಫಿಸಿಯೋಥೆರಪಿ. ಸತ್ತ ಮಿದುಳಿನ ಜಾಗ ಮತ್ತೆ ಹುಟ್ಟುವುದಿಲ್ಲ. ಆದರೆ ಅಕ್ಕಪಕ್ಕದ ಭಾಗಗಳು ಅದರ ಕೆಲಸದಲ್ಲಿ ಸ್ವಲ್ಪವನ್ನು ಕಲಿಯಬಲ್ಲವು, ಕಲಿಸಿದರೆ. ಅಮೆರಿಕದ ಸಂಶೋಧಕ ಎಡ್ವರ್ಡ್ ಟೌಬ್ ಕೋತಿಗಳಲ್ಲಿ ಒಂದು ವಿಚಿತ್ರ ಕಂಡಿದ್ದರು. ಒಂದು ತೋಳಿನ ಸ್ಪರ್ಶದ ನರ ಕತ್ತರಿಸಿದರೆ ಕೋತಿ ಆ ತೋಳನ್ನು ಬಳಸುವುದನ್ನೇ ಬಿಡುತ್ತಿತ್ತು. ಚೆನ್ನಾಗಿದ್ದ ತೋಳನ್ನು ಕಟ್ಟಿಹಾಕಿದರೆ ಮತ್ತೆ ಬಳಸುತ್ತಿತ್ತು. ಅಂದರೆ ಆಗದೆ ಬಿಟ್ಟದ್ದು ಒಂದಷ್ಟು, ಬಿಡುವುದನ್ನು ರೂಢಿ ಮಾಡಿಕೊಂಡದ್ದು ಇನ್ನೊಂದಷ್ಟು. ಇದೇ ದಾರಿಯಲ್ಲಿ 222 ಲಕ್ವಾ ರೋಗಿಗಳ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಎರಡು ವಾರ, ಎಚ್ಚರವಿರುವ ಹೊತ್ತಿನ ಬಹುಪಾಲು, ಒಳ್ಳೆಯ ಕೈಗೆ ದಪ್ಪ ಕೈಗವಸು ಹಾಕಿ ಸೋತ ಕೈಗೆ ಕೆಲಸ ಕೊಟ್ಟರು. ಒಂದು ವರ್ಷದ ನಂತರವೂ ಅದರ ಲಾಭ ಉಳಿದಿತ್ತು. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಮೇಲಕ್ಕೆ ಏಳುತ್ತಿದ್ದವರಿಗೆ ಮಾತ್ರ ಈ ಉಪಾಯ.

ನಮ್ಮ ಮನೆಗಳಲ್ಲಿ ಆಗುವುದು ಇದಕ್ಕೆ ಪೂರ್ತಿ ಉಲ್ಟಾ. ಅಪ್ಪನಿಗೆ ಲಕ್ವಾ ಹೊಡೆದಿದೆ ಅಂತ ಮಗ ಅನ್ನ ಕಲಸಿ ತಿನ್ನಿಸುತ್ತಾನೆ, ಸೊಸೆ ಅಂಗಿಯ ಗುಂಡಿ ಹಾಕುತ್ತಾಳೆ. ಪ್ರೀತಿಯೇ, ಅನುಮಾನವಿಲ್ಲ. ಆದರೆ ಸೋತ ಕೈಗೆ ಸಿಗಬೇಕಾದ ಪಾಠ ತಪ್ಪುತ್ತದೆ. 2009ರಲ್ಲಿ ಅಮೆರಿಕ, ಕೆನಡಾದಲ್ಲಿ ಚಿಕಿತ್ಸೆ ನಡೆಯುವಾಗ ಪಕ್ಕದಲ್ಲಿ ನಿಂತು ಎಣಿಸಿದವರಿಗೆ ಕಂಡಿದ್ದು, ಒಂದು ಸಲದ ಫಿಸಿಯೋದಲ್ಲಿ ಸೋತ ಕೈ ಉಪಯೋಗದ ಚಲನೆ ಮಾಡಿದ್ದು ಸರಾಸರಿ 32 ಸಲ. ಪ್ರಾಣಿಗಳ ಮಿದುಳಿನಲ್ಲಿ ಬದಲಾವಣೆ ಕಂಡ ಪ್ರಯೋಗಗಳಲ್ಲಿ ಅದು ದಿನಕ್ಕೆ ನೂರಾರು. ಉಳಿದ ಲೆಕ್ಕ ಮನೆಯಲ್ಲೇ ತುಂಬಬೇಕು. ಅಡಿಕೆ ಬೆಳೆಯುವ ಮನೆಯಲ್ಲಿ ಅದಕ್ಕೆ ಸಾಮಾನು ಹುಡುಕಬೇಕಾಗಿಲ್ಲ. ಒಂದು ಬುಟ್ಟಿಯಲ್ಲಿ ಒಣ ಅಡಿಕೆ ಇಟ್ಟು, ಸೋತ ಕೈಯಲ್ಲಿ ಒಂದೊಂದೇ ಹೆಕ್ಕಿ ಇನ್ನೊಂದಕ್ಕೆ ಹಾಕಲಿ. ಎರಡನೇ ಬುಟ್ಟಿಯನ್ನು ದಿನಾ ಸ್ವಲ್ಪ ದೂರ, ಸ್ವಲ್ಪ ಎತ್ತರಕ್ಕೆ ಸರಿಸಿ. ಬಿದ್ದರೆ ಬೀಳಲಿ, ನೀವು ಹೆಕ್ಕಿಕೊಡಬೇಡಿ.

ಉತ್ಸಾಹದಲ್ಲಿ ಅತಿ ಮಾಡುವುದೂ ಬೇಡ. ಲಕ್ವಾ ಹೊಡೆದ 24 ಗಂಟೆಯೊಳಗೇ ಜಾಸ್ತಿ ಎಬ್ಬಿಸಿ ಓಡಾಡಿಸಿದವರ ಚೇತರಿಕೆ ಸ್ವಲ್ಪ ಹಿಂದೆ ಬಿತ್ತು ಅಂತ 2015ರಲ್ಲಿ 2,104 ರೋಗಿಗಳ ಅಧ್ಯಯನ ತೋರಿಸಿದೆ. ಸೋತ ಕೈ ಹಿಡಿದು ಎಳೆದೆಬ್ಬಿಸುವುದು, ಕಂಕುಳಿಗೆ ಕೈ ಹಾಕಿ ಎತ್ತುವುದು ಯಾವಾಗಲೂ ತಪ್ಪು. ಭುಜದ ಗುಂಡನ್ನು ಹಿಡಿದಿಡುವ ಸ್ನಾಯು ಸೋತಿರುವುದರಿಂದ ಅದು ಕೆಳಗೆ ಜಾರುತ್ತದೆ, ಆಮೇಲಿನ ಭುಜದ ನೋವು ತಿಂಗಳುಗಟ್ಟಲೆ ಕಾಡುತ್ತದೆ. ಎಬ್ಬಿಸುವಾಗ ಸೊಂಟ ಹಿಡಿಯಿರಿ.

ಪಾರ್ಕಿನ್ಸನ್ಸ್ ಬಂದವರ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಲ್ಲುವುದುಂಟು. ನೆಲದ ಮೇಲೆ ಹೆಜ್ಜೆಗೊಂದು ಅಡ್ಡಗೆರೆ ಎಳೆದರೆ ಹಲವರು ಅದನ್ನು ದಾಟುತ್ತಾ ನಡೆದುಬಿಡುತ್ತಾರೆ. ತಾಳ ಹಾಕಿದರೂ ಅಷ್ಟೇ. ತಾನಾಗಿ ಬರಬೇಕಿದ್ದ ಲಯ ಮಿದುಳಿನೊಳಗೆ ಕೆಟ್ಟಾಗ ಕಣ್ಣು, ಕಿವಿ ಹೊರಗಿನಿಂದ ಅದನ್ನು ಒದಗಿಸುತ್ತವೆ. ಯಕ್ಷಗಾನದ ತಾಳ ಕೇಳಿ ಬೆಳೆದ ಹೊನ್ನಾವರ, ಸಿದ್ದಾಪುರದ ಕಡೆಯ ಹಿರಿಯರಿಗೆ ಮೊಬೈಲ್ ಆ್ಯಪ್ ಬೇಕಿಲ್ಲ. ಮನೆಯವರು ಪಕ್ಕದಲ್ಲಿ ಚಪ್ಪಾಳೆ ತಟ್ಟಿದರೆ ಆಯಿತು.

ಕೆಲಸದ ರೀತಿ ಬದಲಾದರೆ ನೋವಿನ ಜಾಗವೂ ಬದಲಾಗುತ್ತದೆ. ಮರ ಹತ್ತುವವರು ಸಿಗುವುದಿಲ್ಲ ಅಂತ ಈಗ ತೋಟಗಳಿಗೆ ಹಗುರ ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ಬಂದಿದೆ. ನೆಲದಲ್ಲೇ ನಿಂತು ಕೊನೆ ಕೊಯ್ಯಬಹುದು, ಮದ್ದು ಹೊಡೆಯಬಹುದು. ಬೀಳುವ ಭಯ ಇಲ್ಲ, ಅದು ದೊಡ್ಡ ಲಾಭ. ಆದರೆ ಗಂಟೆಗಟ್ಟಲೆ ಕತ್ತು ಹಿಂದಕ್ಕೆ ಬಾಗಿಸಿ, ಎರಡೂ ಕೈ ಮೇಲೆತ್ತಿ ನಿಲ್ಲಬೇಕು. ಕೆಲವರಿಗೆ ಕತ್ತಿನಿಂದ ಕೈಗೆ ಜುಮ್ಮೆನ್ನುವುದು ಶುರುವಾಗುತ್ತದೆ. ದೋಟಿ ಹಿಡಿಯುವವರು ನಾಲ್ಕೈದು ಮರ ಆದ ಕೂಡಲೇ ಅದನ್ನು ಇನ್ನೊಬ್ಬರಿಗೆ ಕೊಟ್ಟು, ಗಲ್ಲವನ್ನು ಎದೆಯ ಕಡೆ ತಂದು, ಭುಜ ಹಿಂದಕ್ಕೆ ತಿರುಗಿಸಿ, ಸ್ವಲ್ಪ ಹೊತ್ತು ಕೆಳಗೆ ಬಿದ್ದ ಅಡಿಕೆ ಹೆಕ್ಕಲಿ. ಜುಮ್ಮೆನ್ನುವುದು ರಾತ್ರಿಯೂ ಹೋಗದಿದ್ದರೆ, ಕೈಯಲ್ಲಿ ಹಿಡಿದ ಲೋಟ ಜಾರಲು ಶುರುವಾದರೆ, ಕೊಯ್ಲು ಮುಗಿಯಲಿ ಅಂತ ಕಾಯದೆ ತೋರಿಸಿಕೊಳ್ಳಿ.