ಹಳೇ ಮನೆಗೆ ಹೊಸ ಕಿಟಕಿ: ಕೊಟೇಶನ್‌ನಲ್ಲಿ ಕಾಣದ ಖರ್ಚು

‘ಸಾರ್, ಯುಪಿವಿಸಿ ಚದರಡಿಗೆ ಎಷ್ಟು ಬೀಳತ್ತೆ?’ ಹಳೇ ಮನೆ ರಿಪೇರಿಗೆ ಕೈಹಾಕಿದವರು ನನ್ನನ್ನು ಮೊದಲು ಕೇಳುವುದೇ ಇದನ್ನು, ಅಂದರೆ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿಯ ದರವನ್ನು. ಬೆಂಗಳೂರಿನಲ್ಲಿ ಈಗ ಒಂದು ಮಟ್ಟಿಗೆ ಬಾಳಿಕೆ ಬರುವ ಮಾಲಿಗೆ ಸುಮಾರು 600ರಿಂದ 900 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಅಲ್ಯೂಮಿನಿಯಂ ಸ್ಲೈಡಿಂಗ್ ಸ್ವಲ್ಪ ಕಡಿಮೆಗೆ ಸಿಗುತ್ತದೆ. ಇತ್ತೀಚೆಗೆ ಕಟ್ಟಿದ ಮನೆಗಾದರೆ ಈ ಲೆಕ್ಕ ಸಾಕು. ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆಯ ಎಪ್ಪತ್ತೆಂಬತ್ತು ವರ್ಷದ ಮನೆಗೆ ಸಾಲದು. ಅಲ್ಲಿ ದುಡ್ಡು ತಿನ್ನುವುದು ಕಿಟಕಿಗಿಂತ ಗೋಡೆ.

ಆ ಕಾಲದ ಗೋಡೆಗಳು ಸಾಮಾನ್ಯವಾಗಿ ಒಂದಡಿಗೂ ದಪ್ಪ. ಇಟ್ಟಿಗೆಗಳ ನಡುವೆ ಇರುವುದು ಮಣ್ಣು ಇಲ್ಲವೇ ಸುಣ್ಣದ ಗಾರೆ, ಸಿಮೆಂಟ್ ಅಲ್ಲ. ಚೌಕಟ್ಟನ್ನು ಮೊದಲು ನಿಲ್ಲಿಸಿಕೊಂಡು ಆಮೇಲೆ ಸುತ್ತ ಇಟ್ಟಿಗೆ ಕಟ್ಟುತ್ತಿದ್ದರು. ಮೇಲಿನ ಕೆಳಗಿನ ಅಡ್ಡಪಟ್ಟಿಗಳ ತುದಿ ಗೋಡೆಯೊಳಗೆ ಚಾಚಿಕೊಂಡಿರುತ್ತದೆ, ಪಕ್ಕದಲ್ಲಿ ಚೌಕಟ್ಟನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿ (ಹೋಲ್ಡ್‌ಫಾಸ್ಟ್) ಹೂತಿರುತ್ತದೆ. ಅಂಥ ಚೌಕಟ್ಟನ್ನು ಹಾರೆ ಹಾಕಿ ಮೀಟಿದರೆ ಮರದ ಜೊತೆ ನಾಲ್ಕೈದು ಇಟ್ಟಿಗೆಯೂ ಉದುರುತ್ತದೆ. ಮಣ್ಣಿನ ಗಾರೆಗೆ ತಡೆಯುವ ಶಕ್ತಿ ಇಲ್ಲ.

ಇನ್ನೂ ಅಪಾಯದ ಸಂಗತಿ ತಲೆಯ ಮೇಲಿದೆ. ಕಿಟಕಿಯ ಮೇಲೆ ಗೋಡೆಯ ಭಾರ ಹೊರಲು ಕಾಂಕ್ರೀಟ್ ಅಡ್ಡತೊಲೆಯ (ಲಿಂಟಲ್) ಬದಲು ಮರದ ತೊಲೆಯೋ ಕಲ್ಲು ಚಪ್ಪಡಿಯೋ ಇಟ್ಟಿಗೆಯ ಕಮಾನೋ ಇದ್ದರೆ, ಅದು ವರ್ಷಾನುಗಟ್ಟಲೆಯಲ್ಲಿ ಕೂದಲೆಳೆಯಷ್ಟು ಕುಸಿದು ಚೌಕಟ್ಟಿನ ಮೇಲೆ ಕೂತಿರಬಹುದು. ಭಾರ ಹೊರಬೇಕಾದದ್ದು ಚೌಕಟ್ಟಲ್ಲ, ಆದರೂ ಹೊತ್ತಿರುತ್ತದೆ. ಕಿಟಕಿಯ ರೆಕ್ಕೆಗಳು (ತೆರೆದು ಮುಚ್ಚುವ ಕದಗಳು) ಮೇಲಂಚಿನಲ್ಲಿ ಮಾತ್ರ ಉಜ್ಜುತ್ತಿದ್ದರೆ, ಕಮಾನಿನ ನೆತ್ತಿಯಿಂದ ಓರೆಯಾಗಿ ಬಿರುಕು ಹೊರಟಿದ್ದರೆ ನಾನು ಮೊದಲು ಮೇಲಿನ ಭಾರಕ್ಕೆ ಆಸರೆಯಾಗಿ ಜಾಕ್ ಹಾಕಿಸುತ್ತೇನೆ, ಆಮೇಲೆ ಉಳಿದ ಮಾತು. ಕಿಟಕಿ ಕಂಪನಿಯ ಕೊಟೇಶನ್‌ನಲ್ಲಿ ಜಾಕ್ ಇರುವುದಿಲ್ಲ. ‘ಸಿವಿಲ್ ಕೆಲಸ ಗ್ರಾಹಕರದು’ ಎಂದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದು ಕೈತೊಳೆದುಕೊಂಡಿರುತ್ತಾರೆ.

ಒಡೆದ ಅಂಚನ್ನು ಮುಚ್ಚುವುದೂ ಸಲೀಸಲ್ಲ. ಸುಣ್ಣದ ಗೋಡೆ ತೇವ ಹೀರುತ್ತದೆ, ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪಟ್ಟಿ ಮೆತ್ತಿದರೆ ಎರಡೂ ಕೂಡಿಕೊಳ್ಳುವುದಿಲ್ಲ. ಒಂದೆರಡು ಮಳೆಗಾಲದಲ್ಲಿ ಕಿಟಕಿಯ ಸುತ್ತ ಬಿರುಕು ಬಿಟ್ಟು, ಪಕ್ಕದಲ್ಲಿ ಬಣ್ಣ ಹಪ್ಪಳದಂತೆ ಏಳುತ್ತದೆ. ಸುಣ್ಣ, ಸುರ್ಕಿಯ (ಇಟ್ಟಿಗೆ ಪುಡಿಯ) ಗಾರೆ ಗೊತ್ತಿರುವವರನ್ನು ಹುಡುಕಬೇಕು, ಅವರ ಕೂಲಿ ಜಾಸ್ತಿ. ತೇಪೆ ಹಾಕಿದ ಮೇಲೆ ಇಡೀ ಕೋಣೆಗೆ ಬಣ್ಣ ಹೊಡೆಸದೆ ವಿಧಿಯಿಲ್ಲ.

ಕಂಬಿಯ ಲೆಕ್ಕ ಬೇರೆ. ಹಳೇ ಕಿಟಕಿಯಲ್ಲಿ ಕಂಬಿಗಳು ಚೌಕಟ್ಟಿಗೇ ಪೋಣಿಸಿರುತ್ತವೆ, ಚೌಕಟ್ಟು ಹೋದರೆ ಅವೂ ಹೋದವು. ನಾಲ್ಕಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಕಿಟಕಿಗೆ 12 ಮಿ.ಮೀ. ಚೌಕ ಕಂಬಿಯನ್ನು ನಾಲ್ಕಿಂಚಿಗೊಂದರಂತೆ ಕೂರಿಸಿದರೆ ಗ್ರಿಲ್ ತೂಕ ಇಪ್ಪತ್ತು ಕಿಲೋ ದಾಟುತ್ತದೆ. ಗ್ರಿಲ್ ಕೆಲಸ ಕಿಲೋ ಲೆಕ್ಕದಲ್ಲಿ. ಕಿಟಕಿಗೆ ಎರಡೂವರೆ ಮೂರು ಸಾವಿರ ಹೆಚ್ಚುವರಿ ಎಂದುಕೊಳ್ಳಿ.

ಗಾಳಿಯ ನಷ್ಟವನ್ನು ಯಾರೂ ಬಿಲ್ಲಿಗೆ ಸೇರಿಸುವುದಿಲ್ಲ. ಮೂರು ರೆಕ್ಕೆಯ ಹಳೇ ಕಿಟಕಿ ಪೂರ್ತಿ ತೆರೆಯುತ್ತದೆ. ಎರಡು ಗಾಜಿನ ಸ್ಲೈಡಿಂಗ್ ಎಷ್ಟು ಎಳೆದರೂ ಅರ್ಧ. ಏಪ್ರಿಲ್ ಸಂಜೆ ಅದರ ಮುಂದೆ ಕೂತಾಗ ಗೊತ್ತಾಗುತ್ತದೆ.

ಈಗ ಆ ಕಿತ್ತ ಮರದ ವಿಷಯ. ‘ಹಳೇದನ್ನ ನಾವೇ ಫ್ರೀಯಾಗಿ ಎತ್ಕೊಂಡು ಹೋಗ್ತೀವಿ’ ಎಂದು ಕೆಲಸದವರು ಹೇಳಿದರೆ ಉಪಕಾರ ಎಂದು ನಂಬಬೇಡಿ. ಮೇಲೆ ಹೇಳಿದ ಅಳತೆಯ ಕಿಟಕಿಯಲ್ಲಿ ಚೌಕಟ್ಟು 4×3 ಇಂಚಿನದಾದರೆ ಅಡ್ಡ, ಉದ್ದ, ಎರಡು ನಡುಗಂಬ ಸೇರಿ ಒಟ್ಟು ಉದ್ದ ಇಪ್ಪತ್ತಾರು ಅಡಿ, ಅಂದರೆ ಎರಡು ಘನ ಅಡಿಗೂ ಹೆಚ್ಚು ಮರ. ರೆಕ್ಕೆಗಳದು ಇನ್ನೊಂದು ಘನ ಅಡಿ. ಒಳ್ಳೆಯ ತೇಗ ಈಗ ಘನ ಅಡಿಗೆ ಹಲವು ಸಾವಿರ. ಹತ್ತು ಕಿಟಕಿ ಇರುವ ಮನೆಯಿಂದ ಒಂದು ಲಾರಿ ತೇಗವನ್ನೋ ಹೊನ್ನೆಯನ್ನೋ ನೀವೇ ಕೈಯಾರೆ ಹತ್ತಿಸಿ ಕಳಿಸುತ್ತೀರಿ.

ಹಾಗಾಗಿ ಹತ್ತನ್ನೂ ಒಟ್ಟಿಗೆ ಬದಲಿಸುವ ಮಾತಿಗೆ ನಾನು ಒಪ್ಪುವುದಿಲ್ಲ. ಸ್ಕ್ರೂಡ್ರೈವರ್ ಹಿಡಿದು ಒಂದೊಂದೇ ಕಿಟಕಿಯ ಕೆಳಪಟ್ಟಿ ಚುಚ್ಚಿ ನೋಡುತ್ತೇನೆ. ಗೆದ್ದಲು, ನೀರು ಎರಡೂ ಹೆಚ್ಚಾಗಿ ಹೊಕ್ಕುವುದು ಅಲ್ಲಿಂದಲೇ. ಮೊನೆ ಸಲೀಸಾಗಿ ಇಳಿದರೆ ಅಲ್ಲಿ ಮರ ಸತ್ತಿದೆ. ಹೆಚ್ಚಿನ ಕಡೆ ಆ ಕೆಳಗಿನ ಅರ್ಧ ಅಡಿ ಬಿಟ್ಟರೆ ಮೇಲಿನದೆಲ್ಲ ಗಟ್ಟಿ. ಕೆಟ್ಟಷ್ಟನ್ನು ಕತ್ತರಿಸಿ, ಅದೇ ಜಾತಿಯ ಮರದ ತುಂಡನ್ನು ಓರೆ ಬೆಸುಗೆಯಲ್ಲಿ ಕೂಡಿಸಿ, ಕೀಲು ಬದಲಿಸಿ, ಅಂಚಿಗೆ ರಬ್ಬರ್ ಪಟ್ಟಿ ಕೊಟ್ಟರೆ ಮುಗಿಯಿತು. ಕೈ ಬಲ್ಲ ಆಚಾರಿಗೆ ಎರಡು ದಿನದ ಕೆಲಸ. ಗೋಡೆ ಮುಟ್ಟುವ ಪ್ರಮೇಯವೇ ಇಲ್ಲ. ಚೌಕಟ್ಟು ಚೆನ್ನಾಗಿದ್ದು ರೆಕ್ಕೆ ಮಾತ್ರ ಹಾಳಾಗಿದ್ದರೆ ಹೊಸ ರೆಕ್ಕೆ ಮಾಡಿಸಿದರಾಯಿತು.

ಬದಲಿಸಲೇಬೇಕಾದವೂ ಇವೆ, ಸುಳ್ಳೇಕೆ. ಬಸ್ಸು ಓಡಾಡುವ ರಸ್ತೆಗೆ ಮುಖ ಮಾಡಿದ ಮಲಗುವ ಕೋಣೆಗೆ ಯುಪಿವಿಸಿ ಸರಿಯೇ. ಆದರೆ ಸ್ಲೈಡಿಂಗ್ ಅಲ್ಲ, ಕದದಂತೆ ತೆರೆದು ರಬ್ಬರಿಗೆ ಒತ್ತಿ ಮುಚ್ಚುವಂಥದ್ದು. ಸ್ಲೈಡಿಂಗ್‌ನಲ್ಲಿ ಅಂಚಿಗೆ ಹಾಕುವ ಬ್ರಷ್‌ನ ಸಂದಿನಲ್ಲಿ ಸದ್ದು ನುಸುಳುತ್ತದೆ. ಬಚ್ಚಲಿನ ಸಣ್ಣ ಕಿಟಕಿಯನ್ನೂ ಧಾರಾಳವಾಗಿ ಬದಲಿಸಿ. ಕಿಟಕಿ ಎಷ್ಟೇ ಚಿಕ್ಕದಿದ್ದರೂ ಕನಿಷ್ಠ ಇಷ್ಟು ಚದರಡಿ ಎಂದು ದರ ಹಾಕುತ್ತಾರೆಯೇ ಎಂದು ಮೊದಲೇ ಕೇಳಿ. ಎರಡು ಚದರಡಿಯ ಕಿಟಕಿಗೆ ಅದಕ್ಕಿಂತ ಎಷ್ಟೋ ಹೆಚ್ಚಿನದರ ದುಡ್ಡು ಕೊಟ್ಟವರಿದ್ದಾರೆ.

ಕೊಟೇಶನ್ ತರಿಸಿದಾಗ ಗಾಜಿನ ದಪ್ಪ, ಯುಪಿವಿಸಿಯ ಒಳಗೆ ಕೂರಿಸುವ ಉಕ್ಕಿನ ಬಲ, ಸೊಳ್ಳೆ ಮೆಶ್, ಅಳತೆ ಯಾವ ಅಂಚಿನಿಂದ, ಕಿತ್ತ ಮರ ಯಾರದು ಎಂಬುದನ್ನೆಲ್ಲ ಬರೆಸಿಕೊಳ್ಳಿ.

ಮರವನ್ನೇ ಉಳಿಸಿಕೊಳ್ಳುವವರು ಎರಡು ಎಚ್ಚರ ವಹಿಸಬೇಕು. ಮನೆಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ನಮ್ಮಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಹಳೇ ಕಿಟಕಿಯ ಪದರ ಪದರ ಆಯಿಲ್ ಪೇಂಟ್‌ನಲ್ಲಿ ಸೀಸ ಇದ್ದೀತು ಎಂದೇ ಹೊರಡಿ. ಒಣ ಉಜ್ಜು ಕಾಗದ ಬೇಡ, ನೀರು ಚಿಮುಕಿಸಿ ಕೆರೆಸಿ, ಮಕ್ಕಳನ್ನು ಅತ್ತ ಬಿಡಬೇಡಿ. ಇನ್ನೊಂದು, ಜುಲೈನಲ್ಲಿ ರೆಕ್ಕೆ ಉಬ್ಬಿ ಬಿಗಿದುಕೊಂಡಿತೆಂದು ತಕ್ಷಣ ಉಜ್ಜುಗೊರಡು ಹಿಡಿಸಬೇಡಿ. ಮಾರ್ಚ್‌ಗೆ ಮರ ಒಣಗಿದಾಗ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಬಿಗಿಯಿದ್ದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟು ಜನವರಿಯವರೆಗೆ ಕಾಯಿರಿ.