ಗೆದ್ದ ಮೇಲೆ ಕುಸಿದವಳು

ಆಸೆಪಟ್ಟದ್ದು ಸಿಗದೆ ಕುಸಿದವರನ್ನು ನೀವೂ ನೋಡಿರುತ್ತೀರಿ. ಸಿಕ್ಕ ಮೇಲೆ ಕುಸಿಯುವವರೂ ಇದ್ದಾರೆ. ಬಡ್ತಿ ಬಂದ ಮೇಲೆ ನಿದ್ದೆ ಕಳೆದುಕೊಂಡು ನನ್ನೆದುರು ಬಂದು ಕೂರುತ್ತಾರೆ. "ಎಲ್ಲ ಚೆನ್ನಾಗೇ ಇದೆ, ಆದ್ರೂ ಯಾಕೆ ಹೀಗೆ?" ಅನ್ನುತ್ತಾರೆ. ಆಗೆಲ್ಲ ನನಗೆ ಶೇಕ್ಸ್‌ಪಿಯರ್‌ನ ಲೇಡಿ ಮ್ಯಾಕ್‌ಬೆತ್ ನೆನಪಾಗುತ್ತಾಳೆ. ‘ಮ್ಯಾಕ್‌ಬೆತ್’ ನಾಟಕದಲ್ಲಿ ಕಿರೀಟಕ್ಕಾಗಿ ರಾಜ ಡಂಕನ್‌ನನ್ನು ಕೊಲ್ಲಲು ಗಂಡನನ್ನು ಹುರಿದುಂಬಿಸಿ, ರಾಣಿಯಾದ ಮೇಲೆ ಕುಸಿದವಳು. ಗೆಲುವೇ ಕೆಡವಿದ ಜನರ ಬಗ್ಗೆ 1916ರಲ್ಲಿ ಬರೆಯುವಾಗ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಕೂಡ ಇವಳನ್ನೇ ಎತ್ತಿಕೊಂಡ. ಮಕ್ಕಳಿಲ್ಲದ ಕೊರಗು ಕಾರಣ ಇರಬಹುದೇ ಎಂದು ಹುಡುಕಿದ. ಕೊನೆಗೆ ಒಗಟು ಪೂರ್ತಿ ಬಿಡಿಸಲಾಗಲಿಲ್ಲ ಎಂದು ತಾನೇ ಒಪ್ಪಿಕೊಂಡ.

ನನಗೆ ಎಳೆ ಸಿಗುವುದು ಅವಳ ಬಾಯಿಂದ ಜಾರಿದ ಒಂದು ಮಾತಿನಲ್ಲಿ.

ರಾಜ ಮನೆಗೆ ಬರುತ್ತಾನೆಂದು ತಿಳಿದ ಕೂಡಲೇ ಅವಳು ದುಷ್ಟಶಕ್ತಿಗಳನ್ನು ಕರೆಯುತ್ತಾಳೆ. ನನ್ನ ಹೆಣ್ತನ ತೆಗೆದುಹಾಕಿ, ಎದೆಹಾಲನ್ನು ಪಿತ್ತ ಮಾಡಿ ಎಂದು ಬೇಡುತ್ತಾಳೆ. ಹುಟ್ಟಾ ಕ್ರೂರಿಗೆ ಈ ಬೇಡಿಕೆ ಯಾಕೆ ಬೇಕು, ಅಲ್ವಾ? ತನ್ನೊಳಗೆ ಮೆತ್ತಗಿನದೊಂದು ಇದೆ ಎಂದು ಗೊತ್ತಿದ್ದವಳ ಬೇಡಿಕೆ ಇದು. ಕೊಲೆಯ ರಾತ್ರಿ ಅದು ಇಣುಕುತ್ತದೆ. ಮಲಗಿದ್ದ ಡಂಕನ್ ನನ್ನ ಅಪ್ಪನ ಹಾಗೆ ಕಾಣದೇ ಇದ್ದಿದ್ದರೆ ನಾನೇ ಮುಗಿಸುತ್ತಿದ್ದೆ, ಅನ್ನುತ್ತಾಳೆ. ಮತ್ತೆಲ್ಲೂ ಅಪ್ಪನ ಸುದ್ದಿ ಇಲ್ಲ.

ಕಿರೀಟ ಬಂತು. ಔತಣದಲ್ಲಿ ಗಂಡ ಹೆದರಿ ಒದರಾಡಿದಾಗ ಅತಿಥಿಗಳನ್ನು ಸಂಭಾಳಿಸಿದ್ದೂ ಇವಳೇ. ಆಮೇಲೆ ಕಾಣುವುದು ಐದನೇ ಅಂಕದಲ್ಲಿ. ಕೈಯಲ್ಲಿ ದೀಪ, ಕಣ್ಣು ತೆರೆದಿದೆ, ಆದರೆ ನಿದ್ದೆ. ದೀಪ ಕೆಳಗಿಟ್ಟು ಕೈ ಉಜ್ಜುತ್ತಾಳೆ. ಒಮ್ಮೊಮ್ಮೆ ಕಾಲು ಗಂಟೆ ಉಜ್ಜುತ್ತಾಳೆ ಎಂದು ಸೇವಕಿ ಹೇಳುತ್ತಾಳೆ. ಕೊಲೆಯ ರಾತ್ರಿ, ಕೈಯ ರಕ್ತ ಸ್ವಲ್ಪ ನೀರು ಹಾಕಿದರೆ ಹೋಗುತ್ತೆ ಎಂದು ಗಂಡನಿಗೆ ಹೇಳಿದ್ದವಳು! ಆ ಮುದುಕನ ಮೈಯಲ್ಲಿ ಇಷ್ಟೊಂದು ರಕ್ತ ಇತ್ತಾ, ಎಂದು ಕೇಳುತ್ತಾಳೆ. ಗಮನಿಸಿ, ರಾಜ ಅನ್ನುವುದಿಲ್ಲ, ಮುದುಕ ಅನ್ನುತ್ತಾಳೆ. ಅವಳ ಮನಸ್ಸಿನ ಲೆಕ್ಕದಲ್ಲಿ ಸತ್ತದ್ದು ಅಪ್ಪ. ಕಿತ್ತೆಸೆದೆ ಅಂದುಕೊಂಡ ಭಾಗ ಎಲ್ಲಿಗೂ ಹೋಗಿರಲಿಲ್ಲ. ಹಗಲೆಲ್ಲ ಅದುಮಿಟ್ಟದ್ದು ಕಾವಲು ಸಡಿಲವಾದ ಹೊತ್ತಲ್ಲಿ ಎದ್ದು ಓಡಾಡುತ್ತಿದೆ.

ಆ ದೃಶ್ಯದ ವೈದ್ಯ ನನಗೆ ತುಂಬ ಹತ್ತಿರದವನು. ಎರಡು ರಾತ್ರಿ ಕಾದು ಏನೂ ಕಾಣದಿದ್ದರೂ ಮತ್ತೆ ಬಂದು ಕಾಯುತ್ತಾನೆ. ಅವಳ ಮಾತು ಬರೆದುಕೊಳ್ಳುತ್ತೇನೆ ಅನ್ನುತ್ತಾನೆ. ಈ ಕಾಯಿಲೆ ನನ್ನ ಕೈಮೀರಿದ್ದು ಎಂದೂ ಒಪ್ಪಿಕೊಳ್ಳುತ್ತಾನೆ. ಹೋಗುವ ಮೊದಲು ಸೇವಕಿಗೆ ಹೇಳುತ್ತಾನೆ: ಅವಳು ತನಗೆ ಹಾನಿ ಮಾಡಿಕೊಳ್ಳುವಂಥದ್ದೇನೂ ಹತ್ತಿರ ಇಡಬೇಡ, ಅವಳ ಮೇಲೆ ಕಣ್ಣಿಟ್ಟಿರು. ಇಂಥ ಸ್ಥಿತಿಯಲ್ಲಿರುವವರ ಮನೆಯವರಿಗೆ ಇವತ್ತಿಗೂ ನಾನು ಮೊದಲು ಹೇಳುವುದು ಇದನ್ನೇ.