ಡ್ಯಾಶ್‌ಕ್ಯಾಮ್ ವೈರನ್ನು ಪಿಲ್ಲರ್ ಒಳಗಿಂದ ಎಳೆಸಿದರೆ ಕರ್ಟನ್ ಏರ್‌ಬ್ಯಾಗಿಗೆ ತೊಂದರೆಯೇ?

ಓದುಗರ ಪ್ರಶ್ನೆ: ಹೊಸ ಕಾರಿಗೆ ಮುಂದೊಂದು ಹಿಂದೊಂದು ಡ್ಯಾಶ್‌ಕ್ಯಾಮ್ ಹಾಕಿಸಬೇಕು. ಆರು ಏರ್‌ಬ್ಯಾಗ್ ಇರುವ ಕಾರು. ವೈರನ್ನು ಮುಂದಿನ ಗಾಜಿನ ಪಕ್ಕದ ಪಿಲ್ಲರ್ ಒಳಗೆ ತೂರಿಸಿ, ಹಿಂದಿನದನ್ನು ರೂಫ್ ಅಂಚಿಗೆ ತುರುಕಿ ಒಯ್ಯುತ್ತಾರಂತೆ. "ಏನೂ ಆಗಲ್ಲ ಸಾರ್, ದಿನಾ ಇದೇ ಕೆಲಸ ಮಾಡ್ತೀವಿ" ಅನ್ನುತ್ತಾರೆ ಅಂಗಡಿಯವರು. ಧೈರ್ಯವಾಗಿ ಹಾಕಿಸಬಹುದೇ?

ಹಾಕಿಸಬಹುದು, ಆದರೆ ವೈರು ಕರ್ಟನ್ ಏರ್‌ಬ್ಯಾಗಿನ (ಪಕ್ಕದಿಂದ ಗುದ್ದಿದಾಗ ಕಿಟಕಿಗೆ ಪರದೆಯಂತೆ ಇಳಿದು ತಲೆ ಕಾಯುವ ಚೀಲ) ಹಿಂಬದಿಯಲ್ಲಿ ಹೋಗಬೇಕು. ಅಂದರೆ ಚೀಲಕ್ಕೂ ಕಾರಿನ ಲೋಹದ ಮೈಗೂ ನಡುವೆ. ಚೀಲಕ್ಕೂ ಪ್ಲಾಸ್ಟಿಕ್ ಹೊದಿಕೆಗೂ ನಡುವೆ ಹೋದರೆ ತಪ್ಪು. ಹಿಂದಿನ ಕ್ಯಾಮೆರಾದ ವೈರನ್ನಂತೂ ರೂಫ್ ಅಂಚಿಗೆ ತುರುಕಿಸಲೇಬೇಡಿ, ಕೆಳಗಿನಿಂದ ಒಯ್ಯಿಸಿ. ದಿನಾ ಇದೇ ಕೆಲಸ ಮಾಡುತ್ತೇವೆ ಅನ್ನುವ ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. ಅವರು ವೈರು ಹಾಕಿದ ಕಾರುಗಳಲ್ಲಿ ಹೆಚ್ಚಿನವುಗಳ ಕರ್ಟನ್ ಒಮ್ಮೆಯೂ ತೆರೆದಿರುವುದಿಲ್ಲ. ಹಾಗಾಗಿ ತಪ್ಪಾಗಿದ್ದರೂ ಅವರಿಗೆ ತಿಳಿಯುವ ದಾರಿಯೇ ಇಲ್ಲ.

ಮೊದಲು ಈ ಕರ್ಟನ್ ಎಲ್ಲಿ ಕುಳಿತಿದೆ ನೋಡಿ. ಬಾಗಿಲು ತೆರೆದು ನಿಂತರೆ ಮುಂದಿನ ಗಾಜಿನ ಪಕ್ಕದ ಕಂಬ ಎ-ಪಿಲ್ಲರ್, ಮುಂದಿನ ಹಿಂದಿನ ಬಾಗಿಲುಗಳ ನಡುವಿನದು ಬಿ-ಪಿಲ್ಲರ್, ಹಿಂಬದಿಯದು ಸಿ-ಪಿಲ್ಲರ್. ಎ-ಇಂದ ಸಿ-ವರೆಗೆ, ಬಾಗಿಲ ನೆತ್ತಿಯ ಉದ್ದಕ್ಕೂ, ರೂಫ್ ಲೈನಿಂಗ್‌ನ ಮರೆಯಲ್ಲಿ ಈ ಚೀಲವನ್ನು ಚಾಪೆ ಸುತ್ತಿದ ಹಾಗೆ ಸುರುಳಿ ಸುತ್ತಿ ಬಿಗಿದಿರುತ್ತಾರೆ. ನೈಲಾನ್ ಬಟ್ಟೆ, ಗಾಳಿ ಸೋರದಂತೆ ಅದಕ್ಕೆ ಸಿಲಿಕೋನ್ ಲೇಪ. ಅದರ ಮುಂದಿನ ತುದಿಯಿಂದ ಒಂದು ಪಟ್ಟಿ ಇಳಿದು ಎ-ಪಿಲ್ಲರ್ ಒಳಗೆ ಬೋಲ್ಟ್ ಆಗಿರುತ್ತದೆ. ಚೀಲ ಉಬ್ಬಿದಾಗ ಬಟ್ಟೆ ಒಣಗಿಸುವ ಹಗ್ಗದಂತೆ ಎರಡೂ ತುದಿಗೆ ಬಿಗಿದು ನಿಲ್ಲಲು ಆ ಪಟ್ಟಿ ಬೇಕೇ ಬೇಕು. ಅನಿಲ ತುಂಬುವ ಇನ್‌ಫ್ಲೇಟರ್ ಒಂದು ಲೋಹದ ಕೊಳವೆ. ಕರ್ಟನ್‌ಗಳಲ್ಲಿ ಬಹಳಷ್ಟು ಸಲ ಹೀಲಿಯಂ, ಆರ್ಗಾನ್‌ನಂಥ ಅನಿಲವನ್ನು ಭಾರೀ ಒತ್ತಡದಲ್ಲಿ ತುಂಬಿಟ್ಟಿರುತ್ತಾರೆ. ಪಿಲ್ಲರ್ ಹೊದಿಕೆಯ ಮೇಲೆ ಏರ್‌ಬ್ಯಾಗ್ ಎಂದು ಅಚ್ಚೊತ್ತಿದ್ದರೆ ಕರ್ಟನ್ ಇದೆ ಎಂದರ್ಥ. ಅದೇ ಕಾರಿನ ಕಡಿಮೆ ಬೆಲೆಯ ವೇರಿಯಂಟ್‌ನಲ್ಲಿ ಈ ಅಕ್ಷರ ಇಲ್ಲದಿರಬಹುದು.

ಇಷ್ಟೊಂದು ಎಚ್ಚರಿಕೆ ಏಕೆ ಎಂಬುದಕ್ಕೆ ಕಾರಣ ಸಮಯ. ಎದುರಿನಿಂದ ಗುದ್ದಿದರೆ ನಿಮ್ಮ ಮುಂದೆ ಬಾನೆಟ್ ಇದೆ, ಎಂಜಿನ್ ಇದೆ, ಅವೆಲ್ಲ ನಜ್ಜುಗುಜ್ಜಾಗುವಷ್ಟು ಹೊತ್ತು ಸಿಗುತ್ತದೆ. ಪಕ್ಕದಲ್ಲಿ ಇರುವುದು ಒಂದು ಬಾಗಿಲು, ಅದರಾಚೆ ಒಂದು ಗೇಣು ಜಾಗ, ಆಮೇಲೆ ನಿಮ್ಮ ಭುಜ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವ ವಾಹನ ಒಂದು ಮಿಲಿಸೆಕೆಂಡಿಗೆ ಸುಮಾರು 14 ಮಿ.ಮೀ. ಮುಂದುವರಿಯುತ್ತದೆ, ಹತ್ತು ಮಿಲಿಸೆಕೆಂಡಿಗೆ 14 ಸೆಂ.ಮೀ. ಅಷ್ಟರಲ್ಲಿ ಬಾಗಿಲು ಒಳಗೆ ನುಗ್ಗಲು ಶುರುವಾಗಿರುತ್ತದೆ. ಹಾಗಾಗಿ ಸೆನ್ಸರು ಹತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲೇ ತೀರ್ಮಾನಿಸಬೇಕು, ಚೀಲ ಇನ್ನೊಂದು 20–30 ಮಿಲಿಸೆಕೆಂಡಿನಲ್ಲಿ ತಲೆಗೂ ಗಾಜಿಗೂ ನಡುವೆ ಇಳಿದು ನಿಂತಿರಬೇಕು. ಕಣ್ಣು ಮಿಟುಕಿಸಲು ಇದರ ಮೂರು ಪಟ್ಟಿಗೂ ಹೆಚ್ಚು ಹೊತ್ತು ಬೇಕು.

ಮರ, ವಿದ್ಯುತ್ ಕಂಬದ ಗುದ್ದು ಇನ್ನೂ ಕೆಟ್ಟದ್ದು. ಕಾರು ಅಡ್ಡಡ್ಡ ಜಾರಿ ಕಂಬಕ್ಕೆ ಬಡಿದಾಗ ಪೂರ್ತಿ ಬಲ ಒಂದಡಿ ಅಗಲದಲ್ಲಿ ಬೀಳುತ್ತದೆ, ಕಂಬ ನೇರವಾಗಿ ತಲೆಯ ಮಟ್ಟಕ್ಕೇ ಬರುತ್ತದೆ. ಹಳೆಯ ರಸ್ತೆಗಳ ಇಕ್ಕೆಲದಲ್ಲಿ ಹುಣಸೆ, ಆಲದ ಮರಗಳು ಡಾಂಬರಿನ ಅಂಚಿಗೇ ನಿಂತಿರುವ ನಮ್ಮಲ್ಲಿ ಇದು ದೂರದ ಮಾತಲ್ಲ. ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ, 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್‌ನಲ್ಲಿ ಕಾರನ್ನು ಗಂಟೆಗೆ 29 ಕಿ.ಮೀ. ವೇಗದಲ್ಲಿ ಅಡ್ಡಲಾಗಿ ಕಂಬಕ್ಕೆ ಗುದ್ದಿಸುವ ಪರೀಕ್ಷೆ ಇದೆ. ಮೂರು ಅಥವಾ ಹೆಚ್ಚು ಸ್ಟಾರ್ ಬೇಕೆಂದರೆ ಇದರಲ್ಲಿ ತೇರ್ಗಡೆಯಾಗಬೇಕು, ಕರ್ಟನ್ ಇಲ್ಲದೆ ಅದು ಬಹಳ ಕಷ್ಟ. ಆರು ಏರ್‌ಬ್ಯಾಗನ್ನು ಕಡ್ಡಾಯ ಮಾಡುವ ಕೇಂದ್ರ ಸರ್ಕಾರದ ಕರಡು ನಿಯಮ 2022ರ ಜನವರಿಯಲ್ಲಿ ಬಂದಿತ್ತು. ಜಾರಿಯನ್ನು ಒಂದು ವರ್ಷ ಮುಂದೂಡಿದ ಸರ್ಕಾರ, ಆಮೇಲೆ ಕಡ್ಡಾಯ ಮಾಡುವುದೇ ಇಲ್ಲ ಎಂದು 2023ರಲ್ಲಿ ಹೇಳಿತು. ಹಾಗೆ ಕೈಬಿಟ್ಟದ್ದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯ ಅಧ್ಯಯನದಲ್ಲಿ, ತಲೆಯನ್ನು ಕಾಯುವ ಪಕ್ಕದ ಏರ್‌ಬ್ಯಾಗ್‌ಗಳು ಚಾಲಕನ ಬದಿಗೆ ಗುದ್ದಿದ ಅಪಘಾತಗಳಲ್ಲಿ ಚಾಲಕ ಸಾಯುವ ಸಂಭವವನ್ನು ಕಾರುಗಳಲ್ಲಿ ಶೇ. 37, ಎಸ್‌ಯುವಿಗಳಲ್ಲಿ ಶೇ. 52ರಷ್ಟು ತಗ್ಗಿಸಿದ್ದು ಕಂಡುಬಂದಿತ್ತು.

ಈಗ ವೈರಿಗೆ ಬರೋಣ. ಚೀಲ ಹೊರಬರುವಾಗ ರೂಫ್ ಲೈನಿಂಗ್‌ನ ಅಂಚನ್ನು ಒಳಮುಖವಾಗಿ ದೂಡಿ, ಆ ಸಂದಿನಿಂದ ಕೆಳಕ್ಕೆ ಬಿಚ್ಚಿಕೊಳ್ಳುತ್ತದೆ. ಬಿ-ಪಿಲ್ಲರ್‌ನ ಪ್ಲಾಸ್ಟಿಕ್ ಹೊದಿಕೆಯ ಮೇಲ್ತುದಿಗೆ ಚೀಲ ಸಿಕ್ಕಿಕೊಳ್ಳಬಾರದೆಂದು ಅಲ್ಲೊಂದು ಸಣ್ಣ ಇಳಿಜಾರು ತುಂಡನ್ನೇ ಇಟ್ಟಿರುತ್ತಾರೆ, ಚೀಲ ಅದರ ಮೇಲೆ ಜಾರಿ ಒಳಗೆ ಬೀಳಲಿ ಅಂತ. ಪ್ಲಾಸ್ಟಿಕ್ಕಿನ ಒಂದು ಅಂಚಿಗೇ ಇಷ್ಟು ಯೋಚನೆ ಮಾಡಿರುವ ಜಾಗದಲ್ಲಿ ನಾವು ವೈರನ್ನು ಅಡ್ಡ ಎಳೆದರೆ ಏನಾಗುತ್ತದೆ? ಚೀಲ ಆ ಕಡೆ ತಡವಾಗಿ ಇಳಿಯಬಹುದು, ತಿರುಚಿಕೊಳ್ಳಬಹುದು. ವೈರು ಚಾಟಿಯಂತೆ ಮುಖಕ್ಕೆ ಹೊಡೆಯಬಹುದು. ವೈರಿಗೆ ಕಟ್ಟಿದ ಫ್ಯೂಸ್ ಡಬ್ಬಿಯೋ ಜಿಪಿಎಸ್ ಡಬ್ಬಿಯೋ ಅಲ್ಲಿದ್ದರೆ ಅದೂ ಎಸೆಯಲ್ಪಡುತ್ತದೆ.

ಕೆಲಸ ಮಾಡಿಸುವ ದಿನ ಎದುರಿಗೆ ನಿಂತು ನೋಡಿ. ಇಗ್ನಿಷನ್ ಆಫ್ ಮಾಡಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಬೇಕು. ಬ್ಯಾಟರಿ ಕಳಚಿದರೂ ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್‌ನ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಕೆಲವು ಕಂಪನಿಗಳು 90 ಸೆಕೆಂಡು, ಕೆಲವು ಮೂರು ನಿಮಿಷ ಅಥವಾ ಅದಕ್ಕೂ ಹೆಚ್ಚು ಕಾಯಿರಿ ಅನ್ನುತ್ತವೆ. ಹತ್ತು ನಿಮಿಷ ಕಾದರೆ ನಷ್ಟವಿಲ್ಲ. ಆಮೇಲೆ ಎ-ಪಿಲ್ಲರ್ ಹೊದಿಕೆಯನ್ನು ಪ್ಲಾಸ್ಟಿಕ್ ಮೀಟುಗೋಲಿನಿಂದ ಬಿಡಿಸಬೇಕು, ಸ್ಕ್ರೂಡ್ರೈವರ್ ತೂರಿಸಬಾರದು. ಹೊದಿಕೆ ತೆಗೆದ ಮೇಲೆ ಸುತ್ತಿಟ್ಟ ಚೀಲವೂ ಅದರ ಪಟ್ಟಿಯೂ ಕಣ್ಣಿಗೆ ಕಾಣುತ್ತವೆ. ಡ್ಯಾಶ್‌ಕ್ಯಾಮ್ ವೈರು ಅದರ ಹಿಂದಿನಿಂದ ಇಳಿಯಬೇಕು. ಅಲ್ಲಿ ಕಂಪನಿಯದೇ ವೈರಿನ ಕಟ್ಟು ಇದ್ದರೆ ಅದಕ್ಕೆ ಬಟ್ಟೆಯ ಟೇಪಿನಿಂದ ಸುತ್ತಬೇಕು, ಸಡಿಲ ಬಿಡಬಾರದು. ಚೀಲಕ್ಕಾಗಲಿ ಪಟ್ಟಿಗಾಗಲಿ ಕೇಬಲ್ ಟೈ ಬಿಗಿಯುವಂತಿಲ್ಲ. ಹಳದಿ ಕನೆಕ್ಟರ್, ಹಳದಿ ಕವಚದ ವೈರು ಕಂಡರೆ ಅದು ಏರ್‌ಬ್ಯಾಗಿನದು. ಅದರಿಂದ ಕರೆಂಟು ಎಳೆಯಬಾರದು, ಮಲ್ಟಿಮೀಟರ್ ಹಿಡಿದು ಓಮ್ ಅಳೆಯಲೂಬಾರದು. ಮೀಟರಿನಿಂದ ಹರಿಯುವ ವಿದ್ಯುತ್ತೇ ಚೀಲವನ್ನು ಸಿಡಿಸುವ ಅಪಾಯವಿದೆ.

ಹೆಚ್ಚು ಕಡೆ ಎಡವುವುದು ಹೊದಿಕೆಯನ್ನು ಮತ್ತೆ ಕೂರಿಸುವಾಗ. ಎ-ಪಿಲ್ಲರ್ ಹೊದಿಕೆಯ ಮೇಲ್ಭಾಗದಲ್ಲಿರುವ ಕ್ಲಿಪ್ ಬಾಗಿಲಿನ ಮಾಮೂಲಿ ಕ್ಲಿಪ್ ಅಲ್ಲ. ಚೀಲ ಸಿಡಿದಾಗ ಹೊದಿಕೆ ಎರಡು ಬೆರಳಿನಷ್ಟು ಹೊರಬಂದು ದಾರಿ ಬಿಡಬೇಕು, ಆದರೆ ಕಳಚಿ ಹಾರಬಾರದು. ಅದಕ್ಕಾಗಿ ಆ ಕ್ಲಿಪ್‌ಗೆ ಒಂದು ಬಾಲ ಇರುತ್ತದೆ, ನಾಯಿಗೆ ಕಟ್ಟಿದ ಸರಪಳಿಯ ಹಾಗೆ. ಅನೇಕ ಕಾರುಗಳಲ್ಲಿ ಇದು ಒಂದೇ ಸಲದ ವಸ್ತು. ಒಮ್ಮೆ ಕಿತ್ತರೆ ಹೊಸದು ಹಾಕಬೇಕು. ಕ್ಲಿಪ್ ಮುರಿದದ್ದನ್ನು ಹೇಳದೆ ಡಬಲ್ ಟೇಪ್ ಅಂಟಿಸಿದರೆ ಹೊದಿಕೆ ಹಾರಿ ಮುಖಕ್ಕೆ ಬರಬಹುದು. ಫೆವಿಬಾಂಡ್ ಹಚ್ಚಿ ಗಟ್ಟಿ ಕೂರಿಸಿದರೆ ಚೀಲಕ್ಕೆ ದಾರಿಯೇ ಸಿಗುವುದಿಲ್ಲ. ಕೆಲಸ ಮುಗಿದ ಮೇಲೆ ಹೊದಿಕೆ ಗಡಗಡ ಅನ್ನುತ್ತಿದ್ದರೆ, ಅಂಚಿನಲ್ಲಿ ಎರಡು ಮೂರು ಮಿ.ಮೀ. ಸಂದು ಕಂಡರೆ ಕ್ಲಿಪ್ ಹೋಗಿದೆ ಎಂದೇ ತಿಳಿಯಿರಿ. ಬಿಡಿಭಾಗದ ಕೌಂಟರಿನಲ್ಲಿ ನಿಮ್ಮ ಚಾಸಿಸ್ ನಂಬರ್ ಕೊಟ್ಟು ಅದೇ ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಬೇಡವೆಂದರೆ ಒಂದು ಸರಳ ದಾರಿ ಇದೆ. ವೈರನ್ನು ಪಿಲ್ಲರ್‌ಗೆ ತಗಲಿಸದೆ ಮುಂದಿನ ಗಾಜಿನ ಮೇಲಂಚಿನ ಮಧ್ಯದಿಂದಲೇ ಇಳಿಬಿಟ್ಟು, 12 ವೋಲ್ಟ್ ಸಾಕೆಟ್‌ಗೆ ಚುಚ್ಚಿ. ನೋಡಲು ಅಷ್ಟು ಚೆನ್ನಾಗಿರುವುದಿಲ್ಲ, ಆದರೆ ಕರ್ಟನ್‌ನ ದಾರಿಗೆ ಅಡ್ಡ ಇಲ್ಲ. ನೋಟಕ್ಕೆ ಮತ್ತು ಸ್ಟೀರಿಂಗಿಗೆ ಅಡ್ಡ ಬರದ ಹಾಗೆ, ಮುಂದಿನ ಸೀಟಿನವರ ಏರ್‌ಬ್ಯಾಗ್ ಮುಚ್ಚಳದ ಮೇಲೆ ಹಾಯದ ಹಾಗೆ ನೋಡಿಕೊಂಡರಾಯಿತು.

ಹಿಂದಿನ ಕ್ಯಾಮೆರಾದ ವೈರು ಡ್ಯಾಶ್‌ಬೋರ್ಡ್ ಅಡಿಯಿಂದ ಇಳಿದು, ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಸಾಗಿ ಹಿಂದಕ್ಕೆ ಹೋಗಲಿ. ಅಲ್ಲೂ ಸೀಟ್ ಬೆಲ್ಟ್ ಬಿಗಿಯುವ ಸಾಧನದ ಹಳದಿ ವೈರು ಇರಬಹುದು, ಅದನ್ನು ಮುಟ್ಟದೆ ಪಕ್ಕದಲ್ಲಿ ಒಯ್ಯಬೇಕು. ಹಿಂದೆ ಸಿ-ಪಿಲ್ಲರ್ ಏರುವಾಗ ಮತ್ತೆ ಅದೇ ನಿಯಮ: ಚೀಲದ ಹಿಂದೆ.

ಕೆಲಸ ಮುಗಿದಾಗ ಅಂಗಡಿಯವರು ಇಗ್ನಿಷನ್ ಆನ್ ಮಾಡಿ, "ನೋಡಿ ಸಾರ್, ಏರ್‌ಬ್ಯಾಗ್ ಲೈಟು ಬಂದು ಹೋಯ್ತು, ಎಲ್ಲ ಸರಿ ಇದೆ" ಅನ್ನುತ್ತಾರೆ. ಇಲ್ಲೇ ಬಹಳ ಜನ ಮೋಸ ಹೋಗುವುದು. ಆ ದೀಪ ಆರೇಳು ಸೆಕೆಂಡು ಉರಿದು ಆರಿದರೆ ವಿದ್ಯುತ್ ಮಾರ್ಗ ಸರಿಯಿದೆ ಎಂದಷ್ಟೇ ಅರ್ಥ. ಕಂಟ್ರೋಲ್ ಯೂನಿಟ್ ಪ್ರತಿ ಚೀಲದ ಕಿಡಿ ಹೊತ್ತಿಸುವ ತಂತಿಯ ರೆಸಿಸ್ಟೆನ್ಸ್, ಸುಮಾರು 2 ಓಮ್, ಇದೆಯೇ ಎಂದು ನೋಡುತ್ತದೆ. ಚೀಲದ ಮುಂದೆ ವೈರು ಅಡ್ಡ ಇದೆಯೇ, ಕ್ಲಿಪ್ ಮುರಿದಿದೆಯೇ ಎಂದು ನೋಡುವ ಕಣ್ಣು ಅದಕ್ಕಿಲ್ಲ. ದೀಪ ಆರದೆ ಉಳಿದರೆ ಮಾತ್ರ ಅದು ಖಚಿತವಾದ ದೋಷ. ಕಾರಿನ ಒಳಗೆ ಕೆಲಸ ಮಾಡಿಸಿದ ಮೇಲೆ ಹಾಗಾದರೆ ಮೊದಲು ಸಂಶಯಿಸಬೇಕಾದದ್ದು ಸೀಟಿನ ಅಡಿಯ ಹಳದಿ ಕನೆಕ್ಟರ್ ಸಡಿಲವಾಗಿದೆಯೇ ಎಂದು. ಹಳೆಯ ಕಾರು ಕೊಳ್ಳುವವರಿಗೂ ಇದು ಮುಖ್ಯ. ಒಮ್ಮೆ ಸಿಡಿದ ಚೀಲದ ಜಾಗದಲ್ಲಿ ಬರೀ ಒಂದು ರೆಸಿಸ್ಟರ್ ಹಾಕಿ ದೀಪ ಆರಿಸಿ ಮಾರುವವರಿದ್ದಾರೆ.

ವೈರಿಗೆ ಹೇಳಿದ್ದು ಉಳಿದ ಅಲಂಕಾರಕ್ಕೂ ಸಲ್ಲುತ್ತದೆ. ಎ-ಪಿಲ್ಲರ್ ಹೊದಿಕೆಗೆ ಟ್ವೀಟರ್ (ಸಣ್ಣ ಸ್ಪೀಕರ್) ಸ್ಕ್ರೂ ಮಾಡಿಸಬೇಡಿ. ರೂಫ್ ಲೈನಿಂಗ್ ಬದಲಿಸಿ ನಕ್ಷತ್ರದ ಲೈಟು ಹಾಕಿಸುವ ಶೋಕಿ ಕರ್ಟನ್ ಇರುವ ಕಾರಿಗಲ್ಲ, ಅಂಚನ್ನು ಅಂಟಿನಿಂದ ಭದ್ರ ಮಾಡಿದರೆ ಅದು ತೆರೆಯುವುದಿಲ್ಲ. ಮೇಲಿನ ಕೊಕ್ಕೆಗೆ ಶರ್ಟನ್ನು ಬರಿದಾಗಿ ನೇತುಹಾಕಬಹುದು, ಹ್ಯಾಂಗರ್ ಸಮೇತ ಬೇಡ. ಗಟ್ಟಿ ತಂತಿಯ ಚೌಕಟ್ಟಿನ ಸನ್‌ಶೇಡನ್ನು ಹಿಡಿಕೆಗಾಗಲಿ ಬಾಗಿಲಿನ ಮೇಲಂಚಿಗಾಗಲಿ ಸಿಕ್ಕಿಸಬೇಡಿ. ಹೊರಗಿನ ಮಳೆ ವೈಸರ್‌ಗೆ ಇದರ ಸಂಬಂಧವಿಲ್ಲ, ಹಾಕಿಸಬಹುದು. ಊರಿಗೆ ಹೋಗುವಾಗ ಹಿಂದೆ ಸಾಮಾನು ಗಾಜಿನ ಮಟ್ಟ ಮೀರಿ ಪೇರಿಸಿದರೂ ಚೀಲಕ್ಕೆ ಇಳಿಯಲು ಜಾಗ ಇರುವುದಿಲ್ಲ. 1998ರಲ್ಲಿ ಎಸ್80 ಕಾರಿನಲ್ಲಿ ಇಂಥ ಕರ್ಟನ್ ತಂದ ವೋಲ್ವೊ ತನ್ನ ಕೈಪಿಡಿಯಲ್ಲಿ ಎತ್ತರದ ಸಾಮಾನಿಗೂ ಪಕ್ಕದ ಗಾಜಿಗೂ ನಡುವೆ 10 ಸೆಂ.ಮೀ. ಬಿಡಿ ಎನ್ನುತ್ತದೆ. ಆ ಅಳತೆ ನಿಮಗೂ ಇರಲಿ.

ಬಾಗಿಲಿನ ಸ್ಪೀಕರ್ ಬದಲಿಸುವುದು ಇದಕ್ಕೆ ಸಂಬಂಧವಿಲ್ಲದ ಕೆಲಸವೆಂದು ಅನ್ನಿಸುತ್ತದೆ, ಆದರೆ ಇದೆ. ಅನೇಕ ಕಾರುಗಳಲ್ಲಿ ಬಾಗಿಲ ಒಳಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರು ಕೂತಿರುತ್ತದೆ. ಬಾಗಿಲು ಅಪ್ಪಚ್ಚಿಯಾದಾಗ ಒಳಗಿನ ಗಾಳಿ ಒತ್ತಲ್ಪಟ್ಟು ಒತ್ತಡ ಥಟ್ಟನೆ ಏರುತ್ತದೆ, ಅದನ್ನು ಕಂಡೇ ಅದು ಗುದ್ದು ಎಂದು ತಿಳಿಯುತ್ತದೆ. ಸ್ಪೀಕರ್ ಹಾಕುವವರು ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದು ಹಾಗೇ ಬಿಟ್ಟರೆ, ರಿಂಗ್ ಸುತ್ತ ಸಂದು ಉಳಿಸಿದರೆ ಗಾಳಿ ಸೋರಿ ಒತ್ತಡ ಏರುವುದು ತಗ್ಗುತ್ತದೆ. ಸದ್ದು ತಗ್ಗಿಸುವ ಡ್ಯಾಂಪಿಂಗ್ ಶೀಟ್ ಎಲ್ಲೆಂದರಲ್ಲಿ ಅಂಟಿಸಿದರೂ ಲೆಕ್ಕ ಬದಲಾಗುತ್ತದೆ. ಆಗ ಚೀಲ ತಡವಾಗಬಹುದು, ಸಿಡಿಯದೇ ಇರಬಹುದು.

ಕಾರು ಮಗುಚಿದಾಗ ಈ ಕರ್ಟನ್‌ಗೆ ಇನ್ನೊಂದು ಕೆಲಸವಿದೆ. ಮುಂದಿನ ಏರ್‌ಬ್ಯಾಗ್ ಉಬ್ಬಿದ ಬೆನ್ನಿಗೇ ಗಾಳಿ ಬಿಡುತ್ತದೆ. ಕರ್ಟನ್ ಹಾಗಲ್ಲ, ಕೆಲವು ಸೆಕೆಂಡು ಉಬ್ಬಿಯೇ ಇರುತ್ತದೆ. ಪುಡಿಯಾದ ಕಿಟಕಿಯಿಂದ ತಲೆ, ಕೈ ಹೊರಬೀಳದಂತೆ ತಡೆಯುವುದು ಅದೇ. ಅಮೆರಿಕದ ನಿಯಮವೊಂದರಲ್ಲಿ ಚೀಲ ತೆರೆದು 6 ಸೆಕೆಂಡಾದ ಮೇಲೂ 18 ಕಿಲೋ ತೂಕದ ಕೃತಕ ತಲೆಯನ್ನು ಬಡಿಸಿ, ಅದು ಕಿಟಕಿಯಿಂದ 100 ಮಿ.ಮೀ.ಗಿಂತ ಹೊರಹೋಗದಂತೆ ತಡೆಯುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಆದರೆ ಎಲ್ಲ ಕಾರಿನ ಕರ್ಟನ್ ಮಗುಚಿದಾಗ ತೆರೆಯುವುದಿಲ್ಲ, ಅದಕ್ಕೆ ಬೇರೆ ಸೆನ್ಸರು ಬೇಕು. ನಿಮ್ಮ ಕೈಪಿಡಿಯ ಏರ್‌ಬ್ಯಾಗ್ ಅಧ್ಯಾಯದಲ್ಲಿ ಇದನ್ನು ನೋಡಿ. ಮೂರು ಸಾಲಿನ ಕಾರಾದರೆ ಕರ್ಟನ್ ಮೂರನೇ ಸಾಲಿನವರೆಗೂ ಇದೆಯೇ ಎಂದೂ ನೋಡಿ. ಬೆಲ್ಟ್ ಹಾಕದವರು ಚೀಲದ ಅಡಿಯಿಂದಲೇ ಜಾರಿಹೋಗಬಹುದು, ಆದ್ದರಿಂದ ಹಿಂದಿನ ಸೀಟಿನಲ್ಲೂ ಬೆಲ್ಟ್ ಬೇಕು. ನಿದ್ದೆಗೆ ಜಾರಿದ ಮಕ್ಕಳ ತಲೆ ಬಾಗಿಲಿಗೆ ಒರಗದ ಹಾಗೆ ಕೂರಿಸಿ.

ವೈರು ಈಗಾಗಲೇ ಹಾಕಿಸಿಬಿಟ್ಟಿದ್ದೀರಾದರೆ ಗಾಬರಿ ಬೇಡ. ಮುಂದಿನ ಸರ್ವಿಸ್‌ಗೆ ಬಿಟ್ಟಾಗ ಜಾಬ್ ಕಾರ್ಡ್‌ನಲ್ಲಿ "ಎ ಮತ್ತು ಸಿ ಪಿಲ್ಲರ್ ಹೊದಿಕೆ ತೆಗೆದು ವೈರು ಏರ್‌ಬ್ಯಾಗಿನ ಹಿಂದೆ ಇದೆಯೇ ನೋಡಿ, ಕ್ಲಿಪ್ ಹೊಸದು ಹಾಕಿ" ಎಂದು ಬರೆಸಿ. ಹೊದಿಕೆ ಮುಚ್ಚುವ ಮುಂಚೆ ಎರಡೂ ಕಡೆಯ ಫೋಟೊ ಕಳಿಸಲು ಹೇಳಿ. ಫೋಟೊದಲ್ಲಿ ಸುತ್ತಿಟ್ಟ ಚೀಲದ ಮೇಲೆ ಎಲ್ಲೂ ಕಪ್ಪು ವೈರು ಹಾದಿರಬಾರದು.